ಸೊಲ್ಲಾಪುರದ ಡಾ| ಕೋಟ್ನೀಸ್: ಯುದ್ಧಭೂಮಿಯಲ್ಲಿ ವೈದ್ಯರನ್ನು ತಯಾರು ಮಾಡಿದವರು

ಚಾಂದವಡ್: ನಾಸಿಕ್, ಚಾಂದವಡ್ ಕಡೆಯ ಕನ್ನಡಿಗರ ಮಕ್ಕಳು ವೈದ್ಯಕೀಯ ಓದಲು ಹೊರಟರೆ ಹೆಚ್ಚಿನವರಿಗೆ ಪದವಿ ಸಿಗುವುದು ನಾಸಿಕ್‌ನ ಆರೋಗ್ಯ ವಿಜ್ಞಾನ ವಿಶ್ವವಿದ್ಯಾನಿಲಯದಿಂದ. ಚಿಕಿತ್ಸೆ ಕೊಡುವುದರ ಜತೆ ತಂಡವನ್ನು ಮುನ್ನಡೆಸುವುದೂ ವೈದ್ಯರ ಕೆಲಸವೆಂದು 2019ರ ಎಂಬಿಬಿಎಸ್ ಪಠ್ಯಕ್ರಮ ಹೇಳುತ್ತದೆ. ಯಾವ ಪಠ್ಯಕ್ರಮವೂ ಹೇಳದಿದ್ದ ಕಾಲದಲ್ಲೇ ಇದನ್ನು ಮಾಡಿ ತೋರಿಸಿದವರು ಡಾ| ದ್ವಾರಕಾನಾಥ ಕೋಟ್ನೀಸ್. ಅವರು ಕನ್ನಡಿಗರಲ್ಲ, ಆದರೆ ಕನ್ನಡ ಮನೆಮಾತಿನವರು ಬಹಳವಿರುವ ಸೊಲ್ಲಾಪುರದಲ್ಲಿ 1910ರ ಅಕ್ಟೋಬರ್ 10ರಂದು ಹುಟ್ಟಿದವರು.

ಮುಂಬಯಿಯ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿದ ಅವರು 1938ರಲ್ಲಿ, ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಕ್ಕೆ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡ ಸೇರಿದರು. ತಂದೆ ತೀರಿಕೊಂಡ ಸುದ್ದಿ ಬಂದರೂ ಮರಳಲಿಲ್ಲ. ಮೂವರು ಊರಿಗೆ ಹಿಂದಿರುಗಿದರು, ಡಾ| ಬಸು ಮತ್ತು ಡಾ| ಕೋಟ್ನೀಸ್ ಉಳಿದರು.

1940ರ ಕಾಳಗದಲ್ಲಿ ಅವರು 13 ದಿನಗಳಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿಕೊಂಡರೆಂಬ ಲೆಕ್ಕವಿದೆ. ದಿನಕ್ಕೆ 60ಕ್ಕೂ ಮಿಕ್ಕಿತು! ಎಂಥ ನಿಪುಣನಾದರೂ ಒಬ್ಬರೇ ಎಷ್ಟು ದಿನ ನಿಭಾಯಿಸಲು ಸಾಧ್ಯ? ಪಕ್ಕದಲ್ಲಿ ನಿಂತವನ ಕೈಯೂ ಪಳಗಬೇಕು. ಇದೇ ಪ್ರದೇಶದಲ್ಲಿ ದುಡಿದ ಕೆನಡಾದ ಡಾ| ಬೆಥೂನ್ ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯ ನಂಜೇರಿ 1939ರಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಡಾ| ಕೋಟ್ನೀಸ್ ನಿರ್ದೇಶಕರಾದರು. ಆಗ ವಯಸ್ಸು ಬರೇ 30.

ಬೆಥೂನ್ ಹೆಸರಿನ ವೈದ್ಯಕೀಯ ಶಾಲೆಯಲ್ಲೂ ಅವರು ಪಾಠ ಮಾಡಿದರು. ಅಲ್ಲಿ ಕಲಿಯುತ್ತಿದ್ದವರಲ್ಲಿ ಹೆಚ್ಚು ಓದದ ಹಳ್ಳಿಯ ಯುವಕರೂ ಇದ್ದರು. ಅವರಿಗೆ ಇಂಗ್ಲಿಷ್ ಪಾಠದಿಂದ ಏನು ಪ್ರಯೋಜನ? ಡಾ| ಕೋಟ್ನೀಸ್ ತಾವೇ ಚೀನೀ ಭಾಷೆ ಕಲಿತು ಅದರಲ್ಲೇ ಕಲಿಸಿದರು. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕವನ್ನೂ ಬರೆದರು. ಪರವೂರಿಗೆ ಬಂದು ಅಲ್ಲಿಯ ಭಾಷೆ ಕಲಿತು ಬದುಕಿದ ನಮ್ಮವರಿಗೆ ಇದರ ಕಷ್ಟ ಬೇರೆ ಹೇಳಬೇಕಾಗಿಲ್ಲ. ಅದೇ ಶಾಲೆಯಲ್ಲಿ ಶುಶ್ರೂಷೆ ಕಲಿಸುತ್ತಿದ್ದ ಗುವೋ ಚಿಂಗ್ಲಾನ್ ಅವರನ್ನು 1941ರಲ್ಲಿ ವಿವಾಹವಾದರು. ಮರುವರ್ಷ ಹುಟ್ಟಿದ ಮಗನ ಹೆಸರು ಯಿನ್‌ಹುವಾ. ಭಾರತ ಮತ್ತು ಚೀನ ಎರಡನ್ನೂ ಸೂಚಿಸುವ ಹೆಸರಿದು.

ಮೂರ್ಛೆರೋಗ ಉಲ್ಬಣಿಸಿ 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿನಲ್ಲಿ ಅವರು ನಿಧನರಾದರು. ಎರಡನೇ ಪಠ್ಯಪುಸ್ತಕ ಅರ್ಧಕ್ಕೇ ನಿಂತಿತು. ವಿ. ಶಾಂತಾರಾಮರ 1946ರ ಹಿಂದಿ ಚಿತ್ರದಿಂದ ಅವರ ಹೆಸರು ಇಲ್ಲಿ ಮನೆಮಾತಾಯಿತು. ಆಸ್ಪತ್ರೆ ಮಾತ್ರ ಮುಚ್ಚಲಿಲ್ಲ. ಮುಂದೆ ಶಿಜಿಯಾಜುವಾಂಗ್ ನಗರಕ್ಕೆ ಸ್ಥಳಾಂತರಗೊಂಡು ಬೆಥೂನ್ ಹೆಸರಿನಲ್ಲೇ ಮುಂದುವರಿಯಿತು. ಡಾ| ಕೋಟ್ನೀಸ್ ಅವರ ಸಮಾಧಿಯೂ ಅದೇ ನಗರದಲ್ಲಿದೆ.