ಕಾದಂಬರಿಕಾರನಾಗಲು ಹೊರಟವರು

ಗೋಕಾಕ, ಮೂಡಲಗಿ, ಹುಕ್ಕೇರಿಯ ತರುಣರು ಅನ್ವಯಿಕ ವರ್ತನಾ ವಿಶ್ಲೇಷಣೆಯನ್ನು ಓದಿ ವಿಶೇಷ ಮಕ್ಕಳ ಸೇವೆಗೆ ಹೋಗುವೆವೆಂದಾಗ ನನಗೆ ಬಿ.ಎಫ್. ಸ್ಕಿನ್ನರ್ ನೆನಪಾಗುತ್ತಾರೆ. 1904ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜನಿಸಿದ ಇವರು ಹೊರಟದ್ದು ಕಾದಂಬರಿಕಾರರಾಗಲು. ಅದು ಕೈಹಿಡಿಯದೆ ಹಾರ್ವರ್ಡ್ ಸೇರಿ, ಇಲಿ, ಪಾರಿವಾಳಗಳ ನಡುವೆ ಕುಳಿತು, ಫಲ ದೊರೆತ ವರ್ತನೆ ಮರುಕಳಿಸುವ ಬಗೆಯನ್ನು ಅಳೆದರು.

1953ರಲ್ಲಿ ಮಗಳ ಗಣಿತದ ತರಗತಿಗೆ ಹೋಗಿ ಕುಳಿತರು. ಮಕ್ಕಳೆಲ್ಲರೂ ಒಂದೇ ವೇಗದಲ್ಲಿ ಸಾಗಬೇಕು; ಉತ್ತರ ಸರಿಯೋ ತಪ್ಪೋ ಕೂಡಲೇ ತಿಳಿಯದು. ಬೋಧನಾ ಯಂತ್ರ ಹುಟ್ಟಿದ್ದು ಈ ಕಳವಳದಿಂದ. ಮಗು ಕಲಿಯದಿದ್ದರೆ ದೋಷ ಪಾಠದ್ದೆಂಬ ಅವರ ನಿಲುವು ನನಗೆ ಯಂತ್ರಕ್ಕಿಂತ ದೊಡ್ಡದು.

ದಂಡನೆಗಿಂತ ಪ್ರೋತ್ಸಾಹವೇ ಮೇಲೆಂದು ಅವರು ವಾದಿಸಿದರೂ, ಮುಂದೆ ಇದೇ ಶಾಸ್ತ್ರದವರು ಆಟಿಸಂ ಮಕ್ಕಳಿಗೆ ಏಟು, ವಿದ್ಯುತ್ ಆಘಾತ ಕೊಟ್ಟದ್ದುಂಟು. ಪದವಿ ಬಯಸುವವರು ಅದನ್ನೂ ಓದಬೇಕು.

ರಕ್ತದ ಕ್ಯಾನ್ಸರ್ ಇದ್ದರೂ 1990ರ ಆಗಸ್ಟ್ 10ರಂದು ಮನೋವಿಜ್ಞಾನಿಗಳ ಸಭೆಯಲ್ಲಿ ಮಾತನಾಡಿದರು. ಎಂಟು ದಿನಗಳ ತರುವಾಯ ತೀರಿಕೊಂಡರು.