ವೇಲ್ಸ್‌ಗೆ ಸಿಗದ ಕೋಚ್

ರಗ್ಬಿ ಅಂದ್ರೆ ಮೊಟ್ಟೆ ಆಕಾರದ ಚೆಂಡು, ಒಬ್ಬರ ಮೇಲೊಬ್ಬರು ಬಿದ್ದು ಎಳೆದಾಡೋ ಆಟಗಾರರು, ನಮಗೆ ಗೊತ್ತಿದ್ದದ್ದು ಇಷ್ಟೇ. ಕಾರ್ವಿನ್ ಜೇಮ್ಸ್ ಬಗ್ಗೆ ಓದಿದ ಮೇಲೆ ಈ ಆಟದ ಮೇಲೆ ಗೌರವ ಬಂತು. ಅವರು ಭಾಷೆ ಕಲಿಸುವ ಮೇಷ್ಟ್ರಾಗಿದ್ದರು ಅನ್ನೋದು ನಮ್ಮ ಕನ್ನಡ ಸಂಘಕ್ಕೆ ಇನ್ನೂ ಖುಷಿಯ ವಿಷಯ.

ಕಾರ್ವಿನ್ ಹುಟ್ಟಿದ್ದು 1929ರಲ್ಲಿ, ವೇಲ್ಸ್‌ನ ಕೆವ್ನೈಥಿನ್ ಎಂಬ ಹಳ್ಳಿಯಲ್ಲಿ. ತಂದೆ ಕಲ್ಲಿದ್ದಲು ಗಣಿ ಕಾರ್ಮಿಕ. ಮನೆಮಾತು ವೆಲ್ಷ್. ಇಂಗ್ಲಿಷಿನ ಪಕ್ಕದಲ್ಲಿದ್ದು ಮಾತಾಡುವವರನ್ನು ಕಳೆದುಕೊಳ್ಳುತ್ತಿದ್ದ ಭಾಷೆ ಅದು. ಕಾರ್ವಿನ್ ಅದನ್ನೇ ಯೂನಿವರ್ಸಿಟಿಯಲ್ಲಿ ಓದಿದರು, ಮುಂದೆ ಅದನ್ನೇ ಪಾಠ ಮಾಡಿದರು.

ಆಟದಲ್ಲಿ ಅವರದು ಫ್ಲೈ-ಹಾಫ್ ಸ್ಥಾನ. ಚೆಂಡು ಎತ್ತ ಹೋಗಬೇಕೆಂದು ನಿರ್ಧರಿಸುವ ಸ್ಥಾನ ಅದು. ಆದರೆ ಅದೇ ಜಾಗದಲ್ಲಿ ಕ್ಲಿಫ್ ಮಾರ್ಗನ್ ಎಂಬ ದೊಡ್ಡ ಆಟಗಾರ ಇದ್ದರು. ಹಾಗಾಗಿ ಕಾರ್ವಿನ್ ವೇಲ್ಸ್ ಪರ ಆಡಿದ್ದು 1958ರಲ್ಲಿ ಎರಡೇ ಪಂದ್ಯ.

ಅವರ ನಿಜವಾದ ಆಟ ಶುರುವಾಗಿದ್ದು ಕೋಚ್ ಆದಮೇಲೆ. 1970ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾ ತಂಡ ಲಾನೆಲ್ಲಿ ಕ್ಲಬ್ ವಿರುದ್ಧ ಆಡಲು ಬಂತು. ಕಾರ್ವಿನ್ ತಮ್ಮ ಹುಡುಗರನ್ನು ತಯಾರು ಮಾಡಿದರು, ಆದರೆ ಪ್ರತಿಭಟಿಸಿ ಪಂದ್ಯ ನೋಡದೆ ಡ್ರೆಸ್ಸಿಂಗ್ ರೂಮಿನಲ್ಲೇ ಉಳಿದರು.

ಮರುವರ್ಷ ಬ್ರಿಟಿಷ್ ಲಯನ್ಸ್ ತಂಡದ ಕೋಚ್ ಆಗಿ ನ್ಯೂಜಿಲೆಂಡಿಗೆ ಹೋದರು. ಅಪ್ಪಣೆ ಕೊಡೋದಕ್ಕಿಂತ ಆಟಗಾರರನ್ನೇ ಕೇಳಿ, ಅವರ ಮಾತಿಗೆ ಕಿವಿಕೊಡೋದು ಅವರ ರೀತಿ. ಎದುರಾಳಿ ಫುಲ್‌ಬ್ಯಾಕ್ ಫರ್ಗಿ ಮೆಕಾರ್ಮಿಕ್ ಅವರನ್ನು ಅತ್ತಿಂದಿತ್ತ ಓಡಿಸುವ ಹಾಗೆ ಬ್ಯಾರಿ ಜಾನ್ ಚೆಂಡು ಒದೆಯುತ್ತಾ ಹೋದರು. ಬ್ಯಾರಿ ಕೂಡ ಕೆವ್ನೈಥಿನ್‌ನ ಹುಡುಗನೇ! ಎರಡು ಗೆಲುವು, ಒಂದು ಸೋಲು, ಒಂದು ಡ್ರಾ. ನ್ಯೂಜಿಲೆಂಡಿನಲ್ಲಿ ಲಯನ್ಸ್ ಗೆದ್ದಿರುವ ಟೆಸ್ಟ್ ಸರಣಿ ಇಂದಿಗೂ ಇದೊಂದೇ. 1972ರ ಅಕ್ಟೋಬರ್ 31ರಂದು ಲಾನೆಲ್ಲಿ ಕ್ಲಬ್ಬೇ ನ್ಯೂಜಿಲೆಂಡನ್ನು 9-3ರಿಂದ ಸೋಲಿಸಿತು. ಒಂದು ಸಣ್ಣ ಊರಿನ ತಂಡ ಮಾಡಿದ ಕೆಲಸ ಇದು.

ಇಷ್ಟೆಲ್ಲಾ ಆದಮೇಲೆ ವೇಲ್ಸ್ ತಂಡ ಅವರ ಕೈಗೆ ಬಂದಿರಬೇಕು ಅಂತ ನಾವು ಅಂದುಕೊಂಡೆವು. ಬರಲಿಲ್ಲ. ಆಗ ತಂಡ ಆರಿಸುತ್ತಿದ್ದದ್ದು ಒಂದು ಸಮಿತಿ. ಆ ಸಮಿತಿಗೆ ಕೋಚೇ ಮುಖ್ಯಸ್ಥನಾಗಿರಬೇಕು, ಜೊತೆಗಾರರನ್ನು ಅವನೇ ಆರಿಸಿಕೊಳ್ಳಬೇಕು ಅನ್ನೋದು ಕಾರ್ವಿನ್ ನಿಲುವು. ವೆಲ್ಷ್ ರಗ್ಬಿ ಯೂನಿಯನ್ ಒಪ್ಪುವಂತಿರಲಿಲ್ಲ, ಇವರು ಬಗ್ಗುವಂತಿರಲಿಲ್ಲ. 1974ರಲ್ಲಿ ಹಿಂದೆ ಸರಿದರು. ಆ ಕೆಲಸ ಸಿಕ್ಕಿದ್ದು ಅವರದೇ ಲಯನ್ಸ್ ತಂಡದ ಕ್ಯಾಪ್ಟನ್ ಜಾನ್ ಡಾಸ್‌ಗೆ.

ಆಮೇಲೆ ಕಾರ್ವಿನ್ ಇಟಲಿಗೆ ಹೋಗಿ ರೋವಿಗೋ ತಂಡವನ್ನು ಚಾಂಪಿಯನ್ ಮಾಡಿದರು. 1983ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹೋಟೆಲ್ ಕೋಣೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. ವಯಸ್ಸು ಬರೀ 53.

ಇದನ್ನು ಓದಿ ನಮ್ಮೊಳಗೇ ಜಗಳ ಆಯ್ತು. ಸ್ವಲ್ಪ ಹೊಂದಿಕೊಂಡಿದ್ರೆ ಏನಾಗ್ತಿತ್ತು, ದೇಶದ ತಂಡ ಅಲ್ವಾ ಅಂತ ಕೆಲವರು. ಬೇರೆಯವರು ಆರಿಸಿದ ಟೀಮ್ ಇಟ್ಕೊಂಡು ಪ್ರಾಜೆಕ್ಟ್ ಮಾಡಿ, ಕೆಟ್ಟರೆ ಬೈಗುಳ ಮಾತ್ರ ನಾವು ತಿನ್ನಬೇಕಾ ಅಂತ ಇನ್ನು ಕೆಲವರು. ಜಗಳ ಮುಗಿದಿಲ್ಲ. ಆದರೆ ಆ ಕೆಲಸ ಬೇಡ ಅನ್ನುವ ಧೈರ್ಯ ನಮಗೆ ಇರುತ್ತಿತ್ತಾ ಅಂತ ಕೇಳಿಕೊಂಡಾಗ ಮಾತ್ರ ಎರಡೂ ಕಡೆಯವರು ಸುಮ್ಮನಾದೆವು.