ಪ್ರಾರ್ಥನೆಯೊಳಗೆ ಗುಟ್ಟು ಬಚ್ಚಿಟ್ಟ ಸನ್ಯಾಸಿ

ಟಾರ್ ಬ್ರೌಸರ್ ಹೆಸರನ್ನು ನಮ್ಮಲ್ಲಿ ಬಹಳಷ್ಟು ಜನ ಕೇಳಿರ್ತೀವಿ. ನಾವು ಯಾವ ವೆಬ್‌ಸೈಟ್ ನೋಡ್ತಿದ್ದೀವಿ ಅನ್ನೋದು ಮಧ್ಯದಲ್ಲಿ ಕೂತವರಿಗೆ ಗೊತ್ತಾಗಬಾರದು ಅಂತ ಅದು ನಮ್ಮ ಡೇಟಾವನ್ನು ಪದರ ಪದರವಾಗಿ ಎನ್‌ಕ್ರಿಪ್ಟ್ ಮಾಡಿ, ಮೂರು ರಿಲೇಗಳ ಮೂಲಕ ಕಳಿಸುತ್ತದೆ. ಆದರೆ ಚೀನಾ, ಇರಾನ್ ತರಹದ ದೇಶಗಳಲ್ಲಿ ಇಷ್ಟು ಸಾಲದು. ಅಲ್ಲಿನ ಫೈರ್‌ವಾಲ್‌ಗೆ ಒಳಗಿರೋ ಮಾತು ಓದೋಕೆ ಬರದಿದ್ದರೂ, ಇದು ಟಾರ್ ಟ್ರಾಫಿಕ್ ಅಂತ ಗುರುತು ಹಿಡಿದು ತಡೆಯೋಕೆ ಬರುತ್ತದೆ. ಅಂದ್ರೆ ಗುಟ್ಟನ್ನು ಬಚ್ಚಿಟ್ಟರೆ ಕೆಲಸ ಮುಗಿಯಲಿಲ್ಲ. ಗುಟ್ಟು ಅಂತ ಒಂದಿದೆ ಅನ್ನೋದನ್ನೇ ಬಚ್ಚಿಡಬೇಕು. ಈ ವಿದ್ಯೆಯ ಹೆಸರು ಸ್ಟೆಗನೋಗ್ರಫಿ. ಆ ಹೆಸರು ಕೊಟ್ಟವನು ಕಂಪ್ಯೂಟರ್ ಇರಲಿ, ಕರೆಂಟೂ ಇಲ್ಲದ ಕಾಲದ ಒಬ್ಬ ಜರ್ಮನ್ ಸನ್ಯಾಸಿ, ಯೊಹಾನೆಸ್ ಟ್ರಿಥೆಮಿಯಸ್.

ಈತ ಹುಟ್ಟಿದ್ದು 1462ರ ಫೆಬ್ರವರಿ 1ರಂದು, ಮೊಸೆಲ್ ನದಿ ದಂಡೆಯ ಟ್ರಿಟೆನ್‌ಹೈಮ್ ಎಂಬ ಊರಿನಲ್ಲಿ. ಟ್ರಿಥೆಮಿಯಸ್ ಅನ್ನೋದು ಊರಿನ ಹೆಸರಿನಿಂದಲೇ ಬಂದದ್ದು. ಇನ್ನೂ ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡ. ಅಮ್ಮ ಮತ್ತೆ ಮದುವೆಯಾದಳು. ಮಲತಂದೆಗೆ ಹುಡುಗ ಓದೋದು ಸುತರಾಂ ಇಷ್ಟ ಇರಲಿಲ್ಲ. ಹಾಗಾಗಿ ಅಕ್ಷರ ಕಲಿತದ್ದೂ ಕದ್ದುಮುಚ್ಚಿ! ಹದಿನೇಳರ ಆಸುಪಾಸಿನಲ್ಲಿ ಮನೆ ಬಿಟ್ಟು ಹೊರಟು, ಊರೂರು ಅಲೆದು, ಕೊನೆಗೆ ಹೈಡೆಲ್‌ಬರ್ಗ್‌ನಲ್ಲಿ ವಿದ್ಯಾಭ್ಯಾಸ ಮಾಡಿದ.

1482ರ ಚಳಿಗಾಲದಲ್ಲಿ ಊರಿಗೆ ಹೋಗೋ ದಾರಿಯಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿಕೊಂಡ. ಆಶ್ರಯ ಸಿಕ್ಕಿದ್ದು ಸ್ಪೋನ್‌ಹೈಮ್ ಎಂಬಲ್ಲಿನ ಬೆನೆಡಿಕ್ಟೈನ್ ಮಠದಲ್ಲಿ. ಗಾಳಿ ನಿಂತ ಮೇಲೂ ಆತ ಅಲ್ಲಿಂದ ಹೊರಡಲಿಲ್ಲ, ಅಲ್ಲೇ ಸನ್ಯಾಸಿಯಾದ. ಮರುವರ್ಷವೇ, ಬರೀ 21ನೇ ವಯಸ್ಸಿಗೆ, ಅವನನ್ನೇ ಮಠದ ಮುಖ್ಯಸ್ಥನನ್ನಾಗಿ ಆರಿಸಿದರು. ನಮ್ಮ ಸೀನಿಯರ್‌ಗಳ ವಯಸ್ಸು ಅಷ್ಟೇ, ನೋಡಿ. ಆ ಮಠ ಬಡ ಮಠ. ಗ್ರಂಥಾಲಯದಲ್ಲಿ ಇದ್ದದ್ದು ಸುಮಾರು 50 ಪುಸ್ತಕ. ಮುಂದಿನ ಎರಡು ದಶಕಗಳಲ್ಲಿ ಆತ ಅದನ್ನು ಸುಮಾರು 2000ಕ್ಕೆ ಏರಿಸಿದ. ಅವನ್ನು ನೋಡೋಕೆ ದೂರದೂರದಿಂದ ವಿದ್ವಾಂಸರು ಬರತೊಡಗಿದರು. ಗುಟೆನ್‌ಬರ್ಗ್‌ನ ಅಚ್ಚಿನ ಯಂತ್ರ ಆಗಲೇ ಎಲ್ಲೆಡೆ ಹರಡಿತ್ತು. ಆದರೂ ಸನ್ಯಾಸಿಗಳು ಕೈಯಿಂದ ಪ್ರತಿ ಮಾಡೋದನ್ನು ಬಿಡಬಾರದು ಅಂತ ಈತ ಒಂದು ಪುಸ್ತಕ ಬರೆದ. ತಮಾಷೆ ಅಂದ್ರೆ, ಆ ಪುಸ್ತಕವನ್ನು 1494ರಲ್ಲಿ ಅಚ್ಚು ಹಾಕಿಸಿದ.

ಈಗ ವಿಷಯಕ್ಕೆ ಬರೋಣ. 1499ರಲ್ಲಿ ಟ್ರಿಥೆಮಿಯಸ್ ಘೆಂಟ್ ನಗರದಲ್ಲಿದ್ದ ಬೋಸ್ಟಿಯಸ್ ಎಂಬ ಸ್ನೇಹಿತನಿಗೆ ಒಂದು ಪತ್ರ ಬರೆದ. ತಾನೊಂದು ಹೊಸ ಪುಸ್ತಕ ಬರೀತಿದ್ದೀನಿ, ಹೆಸರು ಸ್ಟೆಗನೋಗ್ರಾಫಿಯಾ, ಅದರಲ್ಲಿರೋ ವಿದ್ಯೆಯಿಂದ ದೂರದವರಿಗೆ ಯಾರಿಗೂ ಅನುಮಾನ ಬರದ ಹಾಗೆ ಸುದ್ದಿ ಮುಟ್ಟಿಸಬಹುದು, ದೂತನೇ ಇಲ್ಲದೆಯೂ ಮುಟ್ಟಿಸಬಹುದು ಅಂತೆಲ್ಲಾ ಅದರಲ್ಲಿ ಹೇಳಿಕೊಂಡಿದ್ದ. ಆದರೆ ಪತ್ರ ತಲುಪೋ ಹೊತ್ತಿಗೆ ಬೋಸ್ಟಿಯಸ್ ತೀರಿಕೊಂಡಿದ್ದ. ಅಲ್ಲಿನ ಮಠದವರು ಪತ್ರ ಒಡೆದು ಓದಿದರು, ಪ್ರತಿಗಳು ಕೈಯಿಂದ ಕೈಗೆ ಹೋದವು. ಗುಟ್ಟಿನ ವಿದ್ಯೆಯ ಗುರು ಸಿಕ್ಕಿಬಿದ್ದದ್ದು ಮಾಮೂಲಿ ಭಾಷೆಯಲ್ಲಿ ಬರೆದ ಒಂದು ಪತ್ರದಿಂದ! ಈತ ಮಾಟಗಾರ ಅನ್ನೋ ಗುಸುಗುಸು ಶುರುವಾಯಿತು.

ಪುಸ್ತಕ ನೋಡಿದವರಿಗೂ ಹಾಗೇ ಅನ್ನಿಸೋ ಹಾಗಿತ್ತು. ಅದರ ತುಂಬಾ ಭೂತಗಳ ಹೆಸರು, ಅವುಗಳನ್ನು ಕರೆಯೋ ವಿಚಿತ್ರ ಮಂತ್ರ. ಫ್ರಾನ್ಸಿನ ವಿದ್ವಾಂಸ ಶಾರ್ಲ್ ದ ಬೊವೆಲ್ ಸ್ಪೋನ್‌ಹೈಮ್‌ಗೆ ಬಂದು, ಹಸ್ತಪ್ರತಿ ತಿರುವಿ ಹಾಕಿ ಹೆದರಿದ. ಇದು ದೆವ್ವದ ವಿದ್ಯೆ ಅಂತ ಆಮೇಲೆ ಪತ್ರ ಬರೆದ, ಅದೂ ಊರೆಲ್ಲಾ ಹರಡಿತು. ನಿಜ ಏನಂದ್ರೆ, ಆ ಮಂತ್ರಗಳಿಗೆ ಅರ್ಥವೇ ಇರಲಿಲ್ಲ. ಒಂದು ಪದ ಬಿಟ್ಟು ಒಂದು ಪದ ತಗೊಂಡು, ಅದರಲ್ಲಿ ಒಂದಕ್ಷರ ಬಿಟ್ಟು ಒಂದಕ್ಷರ ಓದಿದರೆ ಲ್ಯಾಟಿನ್‌ನಲ್ಲಿ ಸೂಚನೆ ಸಿಗುತ್ತಿತ್ತು. ಮಂತ್ರ ಬರೀ ಹೊದಿಕೆ. ಆದರೆ ಅವನು ಆರಿಸಿಕೊಂಡ ಹೊದಿಕೆಯೇ ತಪ್ಪು. ಪೊಲೀಸರ ಕಣ್ಣು ತಪ್ಪಿಸಬೇಕಾದವನು ಭೂತದ ವೇಷ ಹಾಕಿಕೊಂಡು ಸಂತೆಯಲ್ಲಿ ನಡೆದ ಹಾಗಾಯಿತು.

ಆತ ಆ ಪುಸ್ತಕ ಮುಗಿಸಲಿಲ್ಲ, ಅಚ್ಚು ಹಾಕಿಸಲೂ ಇಲ್ಲ. ಈ ನಡುವೆ ಮಠದಲ್ಲೂ ಸಹಸನ್ಯಾಸಿಗಳು ತಿರುಗಿಬಿದ್ದರು. ಇವನ ಕಟ್ಟುನಿಟ್ಟು ಅವರಿಗೆ ಸಾಕಾಗಿತ್ತು. ಅಷ್ಟು ಆಸೆಯಿಂದ ಕೂಡಿಸಿದ ಗ್ರಂಥಾಲಯ ಬಿಟ್ಟು, 1506ರಲ್ಲಿ ವೂರ್ಟ್ಸ್‌ಬರ್ಗ್‌ನ ಒಂದು ಸಣ್ಣ ಮಠದ ಮುಖ್ಯಸ್ಥನಾಗಿ ಹೋದ.

ಅಲ್ಲಿ ಬರೆದದ್ದೇ ಪಾಲಿಗ್ರಾಫಿಯಾ. ಈ ಸಲ ಭೂತ ಇಲ್ಲ, ಪ್ರಾರ್ಥನೆ ಇದೆ. ಮೊದಲ ಭಾಗದಲ್ಲಿ ಪುಟಗಟ್ಟಲೆ ಪದಗಳ ಪಟ್ಟಿ. ಪ್ರತಿ ಪಟ್ಟಿಯಲ್ಲೂ ಒಂದೊಂದು ಅಕ್ಷರಕ್ಕೆ ಒಂದೊಂದು ಲ್ಯಾಟಿನ್ ಪದ. ಕನ್ನಡದಲ್ಲಿ ಹೇಳೋದಾದರೆ, ಮೊದಲ ಪಟ್ಟಿಯಲ್ಲಿ ಎ ಅಂದ್ರೆ ದೇವರು, ಬಿ ಅಂದ್ರೆ ಸೃಷ್ಟಿಕರ್ತ. ಎರಡನೇ ಪಟ್ಟಿಯಲ್ಲಿ ಎ ಅಂದ್ರೆ ದಯಾಳುವಾದ, ಬಿ ಅಂದ್ರೆ ಪರಮ ದಯಾಳುವಾದ. ಸಂದೇಶದ ಮೊದಲ ಅಕ್ಷರಕ್ಕೆ ಮೊದಲ ಪಟ್ಟಿ, ಎರಡನೆಯದಕ್ಕೆ ಎರಡನೇ ಪಟ್ಟಿ, ಹೀಗೆ ಸಾಗಬೇಕು. ಯಾವ ಅಕ್ಷರ ಬಂದರೂ ವಾಕ್ಯ ವ್ಯಾಕರಣ ತಪ್ಪದ ಪ್ರಾರ್ಥನೆಯೇ ಆಗಿರುತ್ತೆ. ದಾರಿಯಲ್ಲಿ ಯಾರಾದರೂ ಪತ್ರ ಒಡೆದರೆ ಕಾಣೋದು ಒಬ್ಬ ಭಕ್ತನ ಸ್ತೋತ್ರ ಅಷ್ಟೇ.

ಇವತ್ತು ಟಾರ್‌ನ ಸ್ನೋಫ್ಲೇಕ್ ಮಾಡೋದೂ ಇದನ್ನೇ. ವಿಡಿಯೋ ಕಾಲ್‌ಗಳಿಗೆ ಬಳಸೋ ವೆಬ್‌ಆರ್‌ಟಿಸಿ ತಂತ್ರಜ್ಞಾನದ ಮೂಲಕ ಅದು ಟ್ರಾಫಿಕ್ ಕಳಿಸುತ್ತದೆ. ನಮ್ಮ ಸಂಪರ್ಕ ಹೋಗೋದು ಯಾವುದೋ ಊರಿನ ಸ್ವಯಂಸೇವಕರ ಬ್ರೌಸರ್‌ಗೆ. ಆ ವಿಳಾಸಗಳು ಬದಲಾಗ್ತಾನೇ ಇರುತ್ತವೆ. ಫೈರ್‌ವಾಲ್ ಅದನ್ನು ಸಾರಾಸಗಟಾಗಿ ನಿಲ್ಲಿಸಬೇಕು ಅಂದ್ರೆ ಎಲ್ಲರ ವಿಡಿಯೋ ಕಾಲ್ ಕೂಡ ನಿಲ್ಲುವ ಅಪಾಯ ಇದೆ. ಪ್ರಾರ್ಥನೆ ಬರೆದವರನ್ನೆಲ್ಲಾ ಜೈಲಿಗೆ ಹಾಕೋಕೆ ಆಗಲ್ಲ ಅಲ್ವಾ? ಟ್ರಿಥೆಮಿಯಸ್‌ನ ಎರಡನೇ ಪುಸ್ತಕದ ಜಾಣತನ ಅದೇ. ವೇಷ ಹೇಗಿರಬೇಕು ಅಂದ್ರೆ, ಅದನ್ನು ತಡೆಯೋಕೆ ಹೋದವನಿಗೇ ನಷ್ಟ ಆಗಬೇಕು.

ಟ್ರಿಥೆಮಿಯಸ್ 1516ರ ಡಿಸೆಂಬರ್ 13ರಂದು ತೀರಿಕೊಂಡ. ಪಾಲಿಗ್ರಾಫಿಯಾ 1518ರಲ್ಲಿ ಹೊರಬಂತು. ಗುಪ್ತಲಿಪಿಯ ಬಗ್ಗೆ ಅಚ್ಚಾದ ಮೊದಲ ಪುಸ್ತಕ ಅದು. ಅವನನ್ನು ಬರೀ ಹೊಗಳಿ ಮುಗಿಸೋದು ಸರಿಯಲ್ಲ. ಇತಿಹಾಸ ಬರೆಯುವಾಗ ಹುನಿಬಾಲ್ಡ್ ಅನ್ನೋ ಇಲ್ಲದ ಲೇಖಕನನ್ನೇ ಸೃಷ್ಟಿಸಿ ಆಧಾರ ಅಂತ ತೋರಿಸಿದವನೂ ಇವನೇ. ಮರೆಮಾಚೋ ವಿದ್ಯೆ ಒಳ್ಳೆಯದಕ್ಕೂ ಬರುತ್ತೆ, ಕೆಟ್ಟದ್ದಕ್ಕೂ ಬರುತ್ತೆ. ಆ ಜಗಳ ಟಾರ್ ವಿಷಯದಲ್ಲೂ ಇವತ್ತಿಗೂ ನಡೀತಿದೆ.

ಸ್ಟೆಗನೋಗ್ರಾಫಿಯಾ ಅಚ್ಚಾಗಿದ್ದು 1606ರಲ್ಲಿ. ಮೂರೇ ವರ್ಷಕ್ಕೆ ಕ್ಯಾಥೊಲಿಕ್ ಚರ್ಚ್ ಅದನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಕಣ್ಣಿಗೆ ಬೀಳದ ಹಾಗೆ ಬರೆಯೋದನ್ನು ಕಲಿಸೋ ಪುಸ್ತಕ ಸುಮಾರು 300 ವರ್ಷ ಆ ಪಟ್ಟಿಯಲ್ಲೇ ಉಳಿಯಿತು. ಅದರ ಮೂರನೇ ಭಾಗದಲ್ಲಿ ಗ್ರಹಗಳ ಹೆಸರಿನಡಿ ಬರೀ ಅಂಕಿಗಳ ಕೋಷ್ಟಕ ಇತ್ತು. ಎಲ್ಲರೂ ಅದನ್ನು ಜ್ಯೋತಿಷ್ಯ, ಮಾಟ ಅಂದುಕೊಂಡಿದ್ದರು. 1990ರ ದಶಕದಲ್ಲಿ ಥಾಮಸ್ ಅರ್ನ್ಸ್ಟ್ ಮತ್ತು ಜಿಮ್ ರೀಡ್ಸ್ ಬೇರೆ ಬೇರೆಯಾಗಿ ಕೂತು ಅದನ್ನು ಬಿಡಿಸಿದರು. ಭೂತ ಇರಲಿಲ್ಲ, ಗ್ರಹವೂ ಇರಲಿಲ್ಲ. ಇದ್ದದ್ದು ಅಭ್ಯಾಸಕ್ಕೆ ಅಂತ ಬರೆದ ಪುಟ್ಟ ವಾಕ್ಯಗಳು. ಅದರಲ್ಲೊಂದು, ಈ ಪತ್ರ ತಂದವನು ಕಳ್ಳ, ಅವನ ಹತ್ತಿರ ಹುಷಾರಾಗಿರು ಅನ್ನೋ ಅರ್ಥದ್ದು. ಪತ್ರ ಹೊತ್ತು ತರುವವನನ್ನು ನಂಬಬೇಡ. ಯಾವ ಒಂದು ರಿಲೇಗೂ ಪೂರ್ತಿ ದಾರಿ ಗೊತ್ತಾಗದ ಹಾಗೆ ಟಾರ್ ಕಟ್ಟಿದವರು ನೆಚ್ಚಿಕೊಂಡಿರೋದೂ ಈ ಒಂದೇ ಮಾತನ್ನು.